ಟಿವಿ ಮುಂದೆ ಎರಡು ಗಂಟೆ ಕೂರುವ ಹುಡುಗನಿಗೆ ಗಮನದ ಕೊರತೆ ಹೇಗೆ?

ಪ್ರಶ್ನೆ: ನಮ್ಮದು ತಿಪಟೂರು. ಮಗನಿಗೆ 9 ವರ್ಷ, ನಾಲ್ಕನೇ ಕ್ಲಾಸು. ವಾರಕ್ಕೆ ಮೂರು ದಿನ ಶಾಲೆ ಡೈರಿಯಲ್ಲಿ ಕೆಂಪು ಶಾಯಿ ಬರುತ್ತದೆ. ಕೂತಲ್ಲಿ ಕೂರಲ್ಲ, ಬರೆಯೋದನ್ನ ಅರ್ಧಕ್ಕೆ ಬಿಡ್ತಾನೆ, ಪೆನ್ಸಿಲ್ ರಬ್ಬರ್ ದಿನಾ ಕಳೀತಾನೆ. ಮಕ್ಕಳ ಡಾಕ್ಟರು ‘ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಡಪಡಿಕೆಯ ತೊಂದರೆ ಇರಬಹುದು, ಮನೋವೈದ್ಯರಿಗೆ ತೋರಿಸಿ’ ಅಂದರು. ಆದರೆ ಇದೇ ಹುಡುಗ ಟಿವಿ ಮುಂದೆ ಎರಡು ಗಂಟೆ ಅಲ್ಲಾಡದೆ ಕೂರುತ್ತಾನೆ. ಗಮನವೇ ಇಲ್ಲ ಅಂದರೆ ಅದು ಹೇಗೆ ಸಾಧ್ಯ? ನಮ್ಮ ಅತ್ತೆ ‘ಅವರಪ್ಪನೂ ಹೀಗೇ ಇದ್ದ, ಈಗ ಸರಿಹೋಗಿಲ್ವಾ, ಎರಡು ಬಿಟ್ಟರೆ ಇವನೂ ಸರಿಯಾಗ್ತಾನೆ’ ಅಂತಾರೆ. ನಿಜ ಹೇಳಬೇಕಂದರೆ ನಮ್ಮ ಯಜಮಾನರೂ ಪೂರ್ತಿ ಸರಿಹೋಗಿಲ್ಲ. ಕೊಬ್ಬರಿ ವ್ಯಾಪಾರ, ಮಂಡಿಯಲ್ಲಿ ಬಹಳ ಚುರುಕು. ಮನೆಗೆ ಬಂದರೆ ಕೀ ಎಲ್ಲಿ, ಚೀಟಿ ಎಲ್ಲಿ, ಕರೆಂಟ್ ಬಿಲ್ ಕಟ್ಟಿದ್ರಾ ಅಂತ ಇದೇ ಜಗಳ. ಅಮೆರಿಕದಲ್ಲಿರುವ ತಂಗಿ, ಅಲ್ಲಿ ಇಂಥ ಮಕ್ಕಳಿಗೆ ಅಡೆರಾಲ್ ಅಂತ ಮಾತ್ರೆ ಕೊಡ್ತಾರೆ ಅಂದಳು. ಮಾತ್ರೆ ಕೊಟ್ಟರೆ ಮಗು ಮಂಕಾಗಲ್ವಾ? ಜೀವನಪೂರ್ತಿ ತಗೋಬೇಕಾ?

ಉತ್ತರ: ಟಿವಿ ಪ್ರಶ್ನೆಯನ್ನು ನನ್ನ ಹತ್ತಿರ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಸಾಮಾನ್ಯವಾಗಿ ಅಪ್ಪಂದಿರು. ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿ, ಪಾಯಿಂಟು ಹಾಕಿದ ವಕೀಲರ ಹಾಗೆ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಎಡವಟ್ಟಿರುವುದು ಹೆಸರಿನಲ್ಲಿ. ‘ಗಮನದ ಕೊರತೆ’ ಎಂದು ಹೆಸರಿಟ್ಟು ನಾವು ಡಾಕ್ಟರುಗಳೇ ಜನರ ದಾರಿ ತಪ್ಪಿಸಿದ್ದೇವೆ. ಈ ಮಕ್ಕಳಿಗೆ ಗಮನ ಬೇಕಾದಷ್ಟಿದೆ. ಅದರ ಲಗಾಮು ಕೈಗೆ ಸಿಗುವುದಿಲ್ಲ, ಅಷ್ಟೇ. ಟಿವಿ, ಮೊಬೈಲ್ ಗೇಮ್ ಗಮನವನ್ನು ತಾವಾಗಿಯೇ ಎಳೆದುಕೊಳ್ಳುತ್ತವೆ. ಕ್ಷಣಕ್ಕೊಂದು ಚಿತ್ರ, ಕ್ಷಣಕ್ಕೊಂದು ಸದ್ದು. ಹುಡುಗ ಸುಮ್ನೆ ಕೂತರೆ ಸಾಕು. ಗುಣಾಕಾರದ ಲೆಕ್ಕ ಹಾಗೆ ಎಳೆಯುವುದಿಲ್ಲ. ಅಲ್ಲಿ ಗಮನವನ್ನು ತಾನೇ ಒಯ್ದು ಕೂರಿಸಬೇಕು, ಎದ್ದು ಹೋದಾಗಲೆಲ್ಲ ಮತ್ತೆ ಹಿಡಿದು ತರಬೇಕು. ಆ ಹಿಡಿದು ತರುವ ಕೆಲಸವೇ ಇವನಿಗೆ ಕಷ್ಟ. ಟಿವಿ ಆಫ್ ಮಾಡು ಅಂದಾಗ ಮನೆಯಲ್ಲಿ ರಾದ್ಧಾಂತ ಆಗುತ್ತದಲ್ಲ, ಅದೂ ಇದೇ ತೊಂದರೆ. ಹಿಡಿದದ್ದನ್ನು ಬಿಡುವುದಕ್ಕೂ ಲಗಾಮು ಬೇಕು.

ಇವತ್ತು ಸಂಜೆ ಅವನ ಲೆಕ್ಕದ ನೋಟ್‌ಬುಕ್ ತೆಗೆದು ನೋಡಿ. ಅಂಕಗಳನ್ನು ಬಿಡಿ, ಪುಟವನ್ನು ನೋಡಿ. ಇಂಥ ಮಕ್ಕಳ ಪುಸ್ತಕ ನೂರಾರು ನೋಡಿದ್ದೇನೆ, ಒಂದೇ ಕೈ ಬರೆದ ಹಾಗಿರುತ್ತವೆ. ತಾರೀಕು ದುಂಡಗೆ ಇರುತ್ತದೆ. ಮೊದಲ ಮೂರು ಲೆಕ್ಕ ಸರಿ. ನಾಲ್ಕನೆಯದರಲ್ಲಿ ದಶಕ ಹಾಕಿಕೊಂಡಿದ್ದಾನೆ, ಕೂಡಿಸಲು ಮರೆತಿದ್ದಾನೆ. ಐದನೆಯದು ಕಳೆಯುವ ಲೆಕ್ಕ, ಕೂಡಿದ್ದಾನೆ. ಆರನೆಯದನ್ನು ಪುಸ್ತಕದಿಂದ ಇಳಿಸಿಕೊಳ್ಳುವಾಗಲೇ 47 ಹೋಗಿ 74 ಆಗಿದೆ. ಏಳನೆಯದು ಗೆರೆ ಬಿಟ್ಟು ಕೆಳಗೆ ಜಾರಿದೆ. ಪಕ್ಕದಲ್ಲಿ ಒಂದು ಬಸ್ಸಿನ ಚಿತ್ರ, ಕಿಟಕಿಗಳೆಲ್ಲ ಎಣಿಸಿ ಬರೆದದ್ದು. ಎಂಟನೆಯದು ಖಾಲಿ. ಅವನನ್ನು ಕೂರಿಸಿಕೊಂಡು ಎಂಟನೆಯ ಲೆಕ್ಕವನ್ನು ಬಾಯಲ್ಲಿ ಕೇಳಿ, ಎಷ್ಟೋ ಸಲ ಥಟ್ಟನೆ ಹೇಳಿಬಿಡುತ್ತಾನೆ. ಆಗ ನಮಗೆ ಕೋಪ ಇನ್ನೂ ಜಾಸ್ತಿ ಬರುತ್ತದೆ: ‘ಗೊತ್ತಿದ್ದೂ ಮಾಡಲ್ಲ, ಕೊಬ್ಬು!’

ಗೊತ್ತಿದೆ ನಿಜ. ಗೊತ್ತಿದ್ದದ್ದನ್ನು ಆ ಹೊತ್ತಿಗೆ, ಆ ಜಾಗದಲ್ಲಿ ಮಾಡಲು ಆಗುವುದಿಲ್ಲ. ಈ ಪತ್ರದಲ್ಲಿ ಇನ್ನು ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ, ಅದಕ್ಕೇ ಇದನ್ನು ನಿಧಾನವಾಗಿ ಓದಿಕೊಳ್ಳಿ. ಬುದ್ಧಿ ಹೇಳುವುದು ಗೊತ್ತಿಲ್ಲದವರಿಗೆ. ‘ಗಮನ ಕೊಟ್ಟು ಬರಿ’ ಅಂತ ಇವನಿಗೆ ಸಾವಿರ ಸಲ ಹೇಳಿದ್ದೀರಿ, ಅದು ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಗಿದೆ. ಹೊಡೆತವೂ ಅಷ್ಟೇ. ದಂಡಂ ದಶಗುಣಂ ಅನ್ನುವವರಿಗೆ ನಾನು ಕೇಳುವ ಪ್ರಶ್ನೆ ಒಂದೇ: ಕೆಲಸ ಮಾಡುವ ಮದ್ದಾಗಿದ್ದರೆ ಇಷ್ಟು ವರ್ಷಕ್ಕೆ ಡೋಸು ಕಮ್ಮಿ ಆಗಬೇಕಿತ್ತಲ್ವಾ?

ಮಿದುಳಿನಲ್ಲಿ ಏನಾಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಹಣೆಯ ಹಿಂದಿನ ಭಾಗ ನಮ್ಮನ್ನು ತಡೆಯುವ, ಕಾಯಿಸುವ, ಮುಂದಿನದನ್ನು ನೆನಪಿಸುವ ಕೆಲಸ ಮಾಡುತ್ತದೆ. ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಮೇಲೆ ಅದು ನಡೆಯುತ್ತದೆ. ಈ ಮಕ್ಕಳಲ್ಲಿ ಆ ಭಾಗ ಬಲಿಯುವುದು ತಡ. 2007ರಲ್ಲಿ ಅಮೆರಿಕದ ಸಂಶೋಧಕರು ಎಡಿಎಚ್‌ಡಿ ಇರುವ 223 ಮಕ್ಕಳನ್ನೂ ಇಲ್ಲದ 223 ಮಕ್ಕಳನ್ನೂ ಸ್ಕ್ಯಾನ್ ಮಾಡಿ ಹೋಲಿಸಿದರು. ಮಿದುಳಿನ ಹೊರಪದರ ಗರಿಷ್ಠ ದಪ್ಪಕ್ಕೆ ಬರುವುದು ಉಳಿದ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕೆ, ಇವರಲ್ಲಿ ಹತ್ತೂವರೆಗೆ. ಬೆಳೆಯುವ ದಾರಿ ಅದೇ, ಮೂರು ವರ್ಷ ತಡ. ಬುದ್ಧಿವಂತಿಕೆಗೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಕೇಳಿದ ಮೇಲೆ ಎಷ್ಟೋ ತಾಯಂದಿರ ಮುಖ ಸಡಿಲವಾಗುತ್ತದೆ. 9 ವರ್ಷದವನು ಚೀಲ ತಾನೇ ಜೋಡಿಸಿಕೊಳ್ಳಬೇಕು ಅಂತ ನಿರೀಕ್ಷಿಸುತ್ತೇವೆ. 6 ವರ್ಷದವನಾಗಿದ್ದರೆ ಪಕ್ಕದಲ್ಲಿ ನಿಂತು ಜೋಡಿಸಿಕೊಡುತ್ತಿದ್ದೆವು ಅಲ್ವಾ? ನಿಮ್ಮವನಿಗೆ ಇನ್ನೂ ಸ್ವಲ್ಪ ವರ್ಷ ಪಕ್ಕದಲ್ಲಿ ಜನ ನಿಲ್ಲಬೇಕು.

‘ನಾನು ಟಿವಿ ಹಾಕಿಕೊಟ್ಟಿದ್ದಕ್ಕೇ ಹೀಗಾಯ್ತಾ’ ಅಂತ ನೀವು ಕೇಳಿಲ್ಲ. ಆದರೂ ಮನಸ್ಸಿನಲ್ಲಿ ಇರುತ್ತದೆ, ನನಗೆ ಗೊತ್ತು. ಇಲ್ಲ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟದ್ದು 1902ರಲ್ಲಿ. ಆಗ ರೇಡಿಯೋ ಕೂಡ ಮನೆಗಳಿಗೆ ಬಂದಿರಲಿಲ್ಲ. ಇದು ಹೆಚ್ಚಾಗಿ ವಂಶದಲ್ಲಿ ಬರುವಂಥದ್ದು. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಸುಮಾರು 74 ಪರ್ಸೆಂಟ್ ಪಾಲು ವಂಶವಾಹಿಗಳದ್ದು, ಹೆಚ್ಚುಕಮ್ಮಿ ಎತ್ತರ ಬರುವ ಹಾಗೇ ಇದೂ ಬರುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ, ತೂಕ ಬಹಳ ಕಮ್ಮಿ ಇದ್ದ ಮಕ್ಕಳಲ್ಲಿ ಸ್ವಲ್ಪ ಜಾಸ್ತಿ. ರೀಲ್ಸ್ ನೋಡಿ ರಾತ್ರಿ ಹನ್ನೊಂದಕ್ಕೆ ಮಲಗಿದರೆ ಇರುವ ತೊಂದರೆ ಎರಡರಷ್ಟಾಗುತ್ತದೆ. ಅದು ಬೇರೆ ಮಾತು. ಜಗತ್ತಿನಾದ್ಯಂತ ನೋಡಿದರೆ ನೂರು ಮಕ್ಕಳಲ್ಲಿ ಸುಮಾರು ಐದು ಮಕ್ಕಳಿಗೆ ಇದಿದೆ. ನಿಮ್ಮ ಮಗನ ಕ್ಲಾಸಿನಲ್ಲಿ 40 ಮಕ್ಕಳಿದ್ದರೆ ಇನ್ನೊಬ್ಬ ಅಲ್ಲೇ ಎಲ್ಲೋ ಕೂತಿರಬಹುದು.

ಅವನ ಪಕ್ಕದ ಬೆಂಚಿನ ಹುಡುಗಿ ಆಗಿದ್ದರೂ ಆಶ್ಚರ್ಯವಿಲ್ಲ. ಹುಡುಗಿಯರಲ್ಲಿ ಓಡಾಟ, ತರಲೆ ಕಮ್ಮಿ. ಕಿಟಕಿ ನೋಡುತ್ತಾ ಕೂತಿರುತ್ತಾರೆ. ಯಾರಿಗೂ ತೊಂದರೆ ಇಲ್ಲ, ಆದ್ದರಿಂದ ಯಾರೂ ಡೈರಿಯಲ್ಲಿ ಬರೆಯುವುದಿಲ್ಲ. ‘ಪಾಪ, ಸ್ವಲ್ಪ ಮಂಕು’ ಅಂತ ಹತ್ತನೇ ಕ್ಲಾಸು ದಾಟಿಬಿಡುತ್ತಾರೆ. ಕೆಲವರು ಮೂವತ್ತೈದನೇ ವಯಸ್ಸಿಗೆ, ತಮ್ಮ ಮಗುವನ್ನು ಕರೆದುಕೊಂಡು ಬಂದಾಗ, ನನ್ನ ಪ್ರಶ್ನೆಗಳನ್ನು ಕೇಳುತ್ತಾ ಕೇಳುತ್ತಾ ‘ಸಾರ್, ಇದೆಲ್ಲ ನನಗೇ ಇದೆಯಲ್ಲ’ ಅನ್ನುತ್ತಾರೆ.

ಈಗ, ನಿಮ್ಮ ಮಗನಿಗೆ ಇದು ಇದೆಯೋ ಇಲ್ಲವೋ? ಪತ್ರ ಓದಿ ಹೇಳಲಾರೆ, ಹೇಳಲೂಬಾರದು. ರಕ್ತ ಪರೀಕ್ಷೆಯಿಂದ, ಎಂಆರ್‌ಐಯಿಂದ, ಇಇಜಿಯಿಂದ ಇದನ್ನು ಪತ್ತೆ ಮಾಡಲು ಆಗುವುದಿಲ್ಲ. ‘ಬ್ರೈನ್ ಮ್ಯಾಪಿಂಗ್ ಮಾಡಿ ಹೇಳ್ತೀವಿ’ ಅನ್ನುವವರ ಕಡೆ ಹೋಗಬೇಡಿ, ದುಡ್ಡು ದಂಡ. ನಾವು ಮಾಡುವುದು ಹಳೇ ಕಾಲದ ಕೆಲಸ: ಕೂರಿಸಿಕೊಂಡು ವಿಚಾರಿಸುವುದು. ಗಮನದ ಒಂಬತ್ತು ಲಕ್ಷಣ, ಚಡಪಡಿಕೆ ಮತ್ತು ದುಡುಕಿನ ಒಂಬತ್ತು ಲಕ್ಷಣ ಅಂತ ಎರಡು ಪಟ್ಟಿ ಇದೆ. ಯಾವುದಾದರೂ ಒಂದರಲ್ಲಿ ಆರು ಇರಬೇಕು, 17 ತುಂಬಿದವರಿಗೆ ಐದು ಸಾಕು. ಆರು ತಿಂಗಳಿಂದ ಇರಬೇಕು. 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು. ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು. ಈ ಕೊನೆಯದು ಮುಖ್ಯ. ಮನೆಯಲ್ಲಿ ಸರಿಯಿದ್ದು ಶಾಲೆಯಲ್ಲಿ ಮಾತ್ರ ತೊಂದರೆ ಅಂದರೆ ನಾನು ಮೊದಲು ಶಾಲೆಯ ಬಗ್ಗೆ ಕೇಳುತ್ತೇನೆ. ಶಾಲೆಯಲ್ಲಿ ಚೆನ್ನಾಗಿದ್ದು ಮನೆಯಲ್ಲಿ ಮಾತ್ರ ಅಂದರೆ ಮನೆಯ ಬಗ್ಗೆ.

ಅದಕ್ಕೂ ಮೊದಲು ಬೇರೆ ಕೆಲವನ್ನು ಕಳೆದುಹಾಕಬೇಕು. ಕಣ್ಣು, ಕಿವಿ ತೋರಿಸಿ. ಬೋರ್ಡು ಕಾಣದ ಹುಡುಗನೂ ಪಕ್ಕದವನನ್ನು ಮಾತಾಡಿಸುತ್ತಾನೆ. ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾನಾ? ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ದೊಡ್ಡದಾಗಿದ್ದರೆ ಸರಿಯಾಗಿ ನಿದ್ದೆ ಆಗದೆ ಹಗಲೆಲ್ಲ ಚಡಪಡಿಸುತ್ತಾನೆ. ಕಬ್ಬಿಣದ ಅಂಶ ಕಮ್ಮಿ ಇದೆಯಾ ನೋಡಿಸಿ. ಮಾತಾಡುತ್ತಾ ಮಾತಾಡುತ್ತಾ ಹತ್ತು ಸೆಕೆಂಡು ಶೂನ್ಯ ದೃಷ್ಟಿಯಲ್ಲಿ ನಿಂತು, ಆಮೇಲೆ ಏನೂ ಆಗದವನ ಹಾಗೆ ಮುಂದುವರಿಸುತ್ತಾನಾ? ಅದು ಒಂದು ಬಗೆಯ ಮೂರ್ಛೆ ಇರಬಹುದು, ಅದಕ್ಕೆ ಬೇರೆಯೇ ಔಷಧಿ. ಇನ್ನು ಕಲಿಕಾ ತೊಂದರೆ. ಅಕ್ಷರ ಕೂಡಿಸಿ ಓದಲು ಕಷ್ಟಪಡುವ ಮಗು ಓದುವ ಪಿರಿಯಡ್‌ನಲ್ಲಿ ಹೇಗೆ ಸುಮ್ಮನೆ ಕೂತೀತು? ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಿಗೆ ಇದು ಜೊತೆಗೇ ಇರುತ್ತದೆ. ಹಾಗಾಗಿ ಅದರ ಪರೀಕ್ಷೆಯನ್ನೂ ಮಾಡಿಸಿ. ಇದಕ್ಕೆ ಇನ್ನೊಂದು ಕಾರಣವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಭಾಗಗಳಲ್ಲಿ ಕಲಿಕಾ ನ್ಯೂನತೆ ಸೇರಿದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಮುಂದೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬೇಕಾದಾಗ ಕೈಯಲ್ಲಿ ಆ ಸರ್ಟಿಫಿಕೇಟ್ ಬೇಕಾಗುತ್ತದೆ.

ಇರಲಿ, ಎಡಿಎಚ್‌ಡಿ ಅಂತಲೇ ಆಯಿತು ಅಂದುಕೊಳ್ಳೋಣ. ಮನೆಯಲ್ಲಿ ಏನು ಮಾಡುವುದು?

ಆ ಹೊತ್ತಿಗೆ, ಆ ಜಾಗದಲ್ಲಿ ಅಂದೆನಲ್ಲ. ನೆನಪು ಅವನ ತಲೆಯೊಳಗೆ ನಿಲ್ಲುವುದಿಲ್ಲ ಅಂದರೆ ತಲೆಯ ಹೊರಗೆ ಇಡಬೇಕು, ಅದೂ ಕೆಲಸ ನಡೆಯುವ ಜಾಗದಲ್ಲೇ. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಒಳ್ಳೇ ಉದಾಹರಣೆ ಇದೆ. ಕುಕ್ಕರ್ ಇಟ್ಟವರು ಗಡಿಯಾರ ನೋಡುತ್ತಾ ನಿಲ್ಲುತ್ತಾರಾ? ಮೂರು ಸೀಟಿ ಆದ ಮೇಲೆ ಆಫ್ ಮಾಡುತ್ತಾರೆ. ನೆನಪಿಟ್ಟುಕೊಳ್ಳುವ ಕೆಲಸ ಕುಕ್ಕರಿನದು. ಹಾಲಿಗೆ ಸೀಟಿ ಇಲ್ಲ, ಅದಕ್ಕೇ ಉಕ್ಕುತ್ತದೆ. ನಿಮ್ಮ ಮಗನ ದಿನದಲ್ಲಿ ಎಲ್ಲೆಲ್ಲಿ ಹಾಲು ಉಕ್ಕುತ್ತಿದೆಯೋ ಅಲ್ಲೆಲ್ಲ ಒಂದೊಂದು ಸೀಟಿ ಇಡಬೇಕು.

ಬೆಳಿಗ್ಗೆಯನ್ನೇ ತೆಗೆದುಕೊಳ್ಳಿ. ಬಸ್ಸು ಏಳೂ ಮುಕ್ಕಾಲಿಗೆ. ಏಳೂವರೆಗೆ ಹೋಗಿ ನೋಡಿದರೆ ಒಂದು ಕಾಲಿಗೆ ಸಾಕ್ಸ್ ಹಾಕಿದ್ದಾನೆ, ಇನ್ನೊಂದು ಸಾಕ್ಸ್ ಕೈಯಲ್ಲಿದೆ, ಗೋಡೆಯ ಮೇಲಿನ ಹಲ್ಲಿ ನೋಡುತ್ತಿದ್ದಾನೆ. ನೀವು ಅಡುಗೆಮನೆಯಿಂದ ‘ಬೇಗ ಸಾಕ್ಸ್ ಹಾಕು, ಡಬ್ಬಿ ತಗೋ, ನೀರಿನ ಬಾಟ್ಲಿ ತುಂಬಿಸ್ಕೋ, ಅಜ್ಜಿಗೆ ಹೇಳಿ ಹೊರಡು’ ಅಂತ ಕೂಗಿದರೆ ನಾಲ್ಕರಲ್ಲಿ ಕೊನೆಯದು ಮಾತ್ರ ಕಿವಿಗೆ ಬೀಳುತ್ತದೆ. ಅವನು ಅಜ್ಜಿಗೆ ಹೇಳಿ ಒಂದೇ ಸಾಕ್ಸಿನಲ್ಲಿ ಹೊರಟುಬಿಡುತ್ತಾನೆ. ಹತ್ತಿರ ಹೋಗಿ. ಭುಜ ಮುಟ್ಟಿ. ಕಣ್ಣು ನಿಮ್ಮ ಕಡೆ ಬರಲಿ. ಒಂದೇ ಮಾತು: ‘ಸಾಕ್ಸ್.’ ಅದು ಮುಗಿದ ಮೇಲೆ ಮುಂದಿನದು. ಬಾಗಿಲಿನ ಪಕ್ಕ ಅವನ ಎತ್ತರಕ್ಕೆ ಒಂದು ಹಾಳೆ ಅಂಟಿಸಿ. ಡಬ್ಬಿ, ಬಾಟ್ಲಿ, ಡೈರಿ, ಐಡಿ ಕಾರ್ಡ್, ನಾಲ್ಕು ಚಿತ್ರ ಸಾಕು, ಅವನೇ ಬರೆಯಲಿ, ಬಸ್ಸಿನ ಚಿತ್ರ ಬರೆದವನಲ್ವಾ. ಚೀಲ ರಾತ್ರಿಯೇ ಜೋಡಿಸಿ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಡಿ.

ಹೋಂವರ್ಕ್‌ಗೆ ಹತ್ತು ನಿಮಿಷದ ಗಡುವು ಇಡಿ, ಮುಳ್ಳು ತಿರುಗುವುದು ಕಾಣುವ ಗಡಿಯಾರ ಎದುರಿಗಿರಲಿ. ಈ ಮಕ್ಕಳಿಗೆ ‘ಈಗ’ ಮತ್ತು ‘ಈಗ ಅಲ್ಲ’ ಅಂತ ಎರಡೇ ಕಾಲ, ‘ಇನ್ನು ಅರ್ಧ ಗಂಟೆ’ ಅನ್ನುವುದಕ್ಕೆ ಅರ್ಥವೇ ಇಲ್ಲ. ಹತ್ತು ನಿಮಿಷ ಬರೆದು ಎದ್ದು ನೀರು ಕುಡಿದು ಬರಲಿ, ಮತ್ತೆ ಹತ್ತು ನಿಮಿಷ. ನಿಂತುಕೊಂಡು ಬರೆದರೆ ಬರೆಯಲಿ ಬಿಡಿ. ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಲು ಹೋಗಬೇಡಿ. ಕಾಲು ನಿಲ್ಲಿಸುವುದರಲ್ಲೇ ಅವನ ಶಕ್ತಿಯೆಲ್ಲ ಮುಗಿದು ಲೆಕ್ಕಕ್ಕೆ ಏನೂ ಉಳಿಯುವುದಿಲ್ಲ.

ಹೊಗಳಿಕೆಯೂ ಆ ಹೊತ್ತಿಗೇ ಬೇಕು. ‘ಪರೀಕ್ಷೆಯಲ್ಲಿ 90 ತೆಗೆದರೆ ಸೈಕಲ್’ ಅನ್ನುವುದು ಈ ಮಿದುಳಿಗೆ ಬೇರೆ ದೇಶದ ಸುದ್ದಿ. ಮೂರು ಲೆಕ್ಕ ಮುಗಿಸಿದ ತಕ್ಷಣ ಒಂದು ಸ್ಟಾರ್, ಐದು ಸ್ಟಾರಿಗೆ ಅಪ್ಪನ ಜೊತೆ ಬೈಕಿನಲ್ಲಿ ಒಂದು ರೌಂಡು. ಹೊಗಳುವಾಗ ‘ಗುಡ್ ಬಾಯ್’ ಅನ್ನಬೇಡಿ, ಏನು ಮಾಡಿದ ಅಂತ ಹೇಳಿ: ‘ಕರೆದ ತಕ್ಷಣ ಬಂದೆಯಲ್ಲ, ಖುಷಿಯಾಯ್ತು.’ ಸ್ಟಾರ್ ಚಾರ್ಟು ಮೂರು ವಾರಕ್ಕೆ ಹಳತಾಗುತ್ತದೆ. ಸೋತೆವು ಅಂದುಕೊಳ್ಳಬೇಡಿ, ಬಹುಮಾನ ಬದಲಿಸಿ. ಹೊಸತನ ಹೋದರೆ ಇವರಿಗೆ ರುಚಿ ಹೋಗುತ್ತದೆ.

ಮೇಷ್ಟ್ರ ಹತ್ತಿರ ಜಗಳಕ್ಕೆ ಹೋಗದೆ ಮೂರು ವಿಷಯ ಕೇಳಿ. ಮುಂದಿನ ಬೆಂಚು, ಕಿಟಕಿಯಿಂದ ದೂರ. ಹತ್ತು ಲೆಕ್ಕದ ಬದಲು ಐದು, ಎರಡು ಕಂತಿನಲ್ಲಿ. ನಡುನಡುವೆ ಬೋರ್ಡು ಒರೆಸುವ, ಆಫೀಸಿಗೆ ರಿಜಿಸ್ಟರ್ ಒಯ್ಯುವ ಕೆಲಸ. ಎದ್ದು ಓಡಾಡಲು ಒಂದು ಮರ್ಯಾದೆಯ ನೆಪ ಸಿಕ್ಕಂತಾಗುತ್ತದೆ. ಆಟದ ಪಿರಿಯಡ್ ಕಸಿದು ಶಿಕ್ಷೆ ಕೊಡುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಲು ಹೇಳಿ. ಓಡಬೇಕಾದ ಹುಡುಗನನ್ನು ಕಟ್ಟಿಹಾಕಿ ಮಧ್ಯಾಹ್ನದ ಪಾಠಕ್ಕೆ ಕೂರಿಸಿದರೆ ಕಷ್ಟ ಮೇಷ್ಟ್ರಿಗೇ.

ಊಟದ ಬಗ್ಗೆ ಎರಡೇ ಮಾತು. ಸಿಹಿ ತಿಂದು ಮಕ್ಕಳು ಕುಣಿಯುತ್ತಾರೆ ಅನ್ನುವುದನ್ನು ಸರಿಯಾಗಿ ಪರೀಕ್ಷಿಸಿ ನೋಡಿದಾಗ ಸಾಬೀತಾಗಲಿಲ್ಲ. ಒಂದೆಲಗದ ತಂಬುಳಿ ನನಗೂ ಇಷ್ಟ, ಬಡಿಸಿ, ಆದರೆ ಚಿಕಿತ್ಸೆಯ ಜಾಗದಲ್ಲಿ ಅದನ್ನು ಕೂರಿಸಬೇಡಿ.

ಇನ್ನು ಮಾತ್ರೆ. ನಿಮಗೆ ಹೆದರಿಕೆ ಇರುವುದು ಇಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

1937ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ ತನ್ನ ಆಸ್ಪತ್ರೆಯ ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಚುರುಕು ತರುವ ಔಷಧಿ ಕೊಟ್ಟ. ಕೊಟ್ಟದ್ದು ತಲೆನೋವಿಗೆ. ತಲೆನೋವು ಹೋಗಲಿಲ್ಲ, ಹುಡುಗರು ಕೂತು ಲೆಕ್ಕ ಮಾಡತೊಡಗಿದರು. ಆ ಮಕ್ಕಳೇ ಅದನ್ನು ‘ಲೆಕ್ಕದ ಮಾತ್ರೆ’ ಅಂತ ಕರೆದರಂತೆ. ಉದ್ರೇಕಿಸುವ ಔಷಧಿ ಕೊಟ್ಟರೆ ಚಡಪಡಿಸುವ ಹುಡುಗ ಸಮಾಧಾನ ಆಗುವುದು ವಿಚಿತ್ರ ಅಲ್ವಾ? ಅದು ಉದ್ರೇಕಿಸುವುದು ತಡೆಯುವ ಭಾಗವನ್ನು. ಮಲಗಿದ್ದ ಕಾವಲುಗಾರನನ್ನು ಎಬ್ಬಿಸಿದ ಹಾಗೆ. ಹಾಗಾಗಿ ಇದು ನಿದ್ದೆ ಮಾತ್ರೆ ಅಲ್ಲ, ಮಂಕು ಮಾಡುವ ಮಾತ್ರೆಯೂ ಅಲ್ಲ. ಮಾತ್ರೆ ಶುರು ಮಾಡಿದ ಮೇಲೆ ಮಗು ಮಂಕಾಗಿ ಮೂಲೆಯಲ್ಲಿ ಕೂತರೆ ಡೋಸು ಜಾಸ್ತಿಯಾಗಿದೆ ಅಥವಾ ಈ ಔಷಧಿ ಅವನಿಗೆ ಒಗ್ಗುತ್ತಿಲ್ಲ ಅಂತ ಅರ್ಥ. ಡಾಕ್ಟರಿಗೆ ಹೇಳಿ, ಬದಲಿಸುತ್ತಾರೆ.

ತಂಗಿ ಹೇಳಿದ ಅಡೆರಾಲ್ ನಮ್ಮ ದೇಶದಲ್ಲಿ ಸಿಗುವುದಿಲ್ಲ, ತರಿಸಿಕೊಳ್ಳುವ ಸಾಹಸವೂ ಬೇಡ, ಕಾನೂನಿನ ತೊಡಕಾಗುತ್ತದೆ. ಇಲ್ಲಿ ಕೊಡುವುದು ಮೀಥೈಲ್‌ಫೆನಿಡೇಟ್. 1944ರಲ್ಲಿ ಸ್ವಿಟ್ಜರ್‌ಲೆಂಡಿನ ಕಂಪನಿಯೊಂದರ ಪ್ರಯೋಗಾಲಯದಲ್ಲಿ ತಯಾರಾದದ್ದು. ಕಂಡುಹಿಡಿದವನು ತನ್ನ ಹೆಂಡತಿ ರೀಟಾಳ ಹೆಸರಿನಿಂದ ರಿಟಾಲಿನ್ ಅಂತ ಕರೆದ. ಅಂದರೆ ಎಂಬತ್ತು ವರ್ಷದ ಹಳೇ ಔಷಧಿ, ಒಳ್ಳೆಯದು ಕೆಟ್ಟದ್ದು ಎರಡೂ ನಮಗೆ ಚೆನ್ನಾಗಿ ಗೊತ್ತು. ನುಂಗಿದ ಅರ್ಧ ಮುಕ್ಕಾಲು ಗಂಟೆಗೆ ಕೆಲಸ ಶುರು, ಸಾಮಾನ್ಯ ಮಾತ್ರೆ ಸುಮಾರು ನಾಲ್ಕು ಗಂಟೆ ನಡೆಯುತ್ತದೆ. ನಿಧಾನಕ್ಕೆ ಬಿಡುಗಡೆಯಾಗುವ ಬಗೆಯೂ ಇದೆ, ಶಾಲೆಯ ಹೊತ್ತಿಗೆಲ್ಲ ಸಾಕಾಗುತ್ತದೆ. ಹತ್ತರಲ್ಲಿ ಏಳು ಮಕ್ಕಳಿಗೆ ಚೆನ್ನಾಗಿ ಹಿಡಿಯುತ್ತದೆ.

ತೊಂದರೆಗಳೂ ಇವೆ. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬರುತ್ತದೆ, ಯಾಕೆಂದರೆ ಹಸಿವು ಕಮ್ಮಿಯಾಗುತ್ತದೆ. ಅದಕ್ಕೆ ನಮ್ಮ ಉಪಾಯ: ಬೆಳಿಗ್ಗೆ ಮಾತ್ರೆಗೆ ಮೊದಲೇ ಹೊಟ್ಟೆ ತುಂಬ ಮುದ್ದೆಯೋ ದೋಸೆಯೋ ತಿನ್ನಿಸಿ, ಸಂಜೆ ಮಾತ್ರೆ ಇಳಿದ ಮೇಲೆ ಇನ್ನೊಂದು ಊಟ. ಸಂಜೆ ತಗೊಂಡರೆ ನಿದ್ದೆ ಕೆಡುತ್ತದೆ. ಕೆಲವರಿಗೆ ಮೊದಲ ವಾರ ತಲೆನೋವು, ಹೊಟ್ಟೆನೋವು. ನಾಡಿ, ಬಿಪಿ ಸ್ವಲ್ಪ ಏರುತ್ತವೆ. ವರ್ಷಗಟ್ಟಲೆ ತಗೊಂಡವರಲ್ಲಿ ಎತ್ತರ ಒಂದೆರಡು ಸೆಂಟಿಮೀಟರ್ ಹಿಂದೆ ಬೀಳಬಹುದು. ಅದಕ್ಕೇ ಪ್ರತಿ ಸಲ ತೂಕ, ಎತ್ತರ, ಬಿಪಿ ನೋಡುತ್ತೇವೆ. ನೋಡದಿದ್ದರೆ ನೀವೇ ಕೇಳಿ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆಯಿಂದ ಹೋದವರಿದ್ದರೆ ಶುರುವಿಗೆ ಮೊದಲೇ ಹೇಳಿ. ಹೇಳಿದ ಪ್ರಮಾಣದಲ್ಲಿ ತಗೊಂಡರೆ ಚಟ ಹಿಡಿಯುವುದಿಲ್ಲ. ಇದು ಒಗ್ಗದವರಿಗೆ ಅಟೊಮಾಕ್ಸೆಟಿನ್ ಇದೆ, ಅದು ಕೆಲಸ ತೋರಿಸಲು ನಾಲ್ಕಾರು ವಾರ ಬೇಕು, ಕಾಯುವ ತಾಳ್ಮೆ ಇರಬೇಕು.

ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಔಷಧಿ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಚಿಕ್ಕ ಮೆಡಿಕಲ್ ಶಾಪಿನಲ್ಲಿ ಸಿಗದಿದ್ದರೆ ಗಾಬರಿಯಾಗಬೇಡಿ. ಎಲ್ಲಿ ಸಿಗುತ್ತದೆ ಅಂತ ಡಾಕ್ಟರನ್ನೇ ಕೇಳಿ, ಮುಗಿಯುವ ವಾರದ ಮೊದಲೇ ತಂದಿಡಿ.

ಜೀವನಪೂರ್ತಿನಾ? ಹಾಗೇನಿಲ್ಲ. ವರ್ಷಕ್ಕೊಮ್ಮೆಯಾದರೂ ಡಾಕ್ಟರುಗಳಾದ ನಾವೇ ಅದನ್ನು ನಿಲ್ಲಿಸಿ ನೋಡಿ, ಇನ್ನೂ ಬೇಕಾ ಅಂತ ನಿರ್ಧರಿಸುತ್ತೇವೆ. ಮಾತ್ರೆಯಿಂದ ಎಲ್ಲ ಆಗುತ್ತದೆ ಅನ್ನುವವರಿಗೂ ಒಂದು ಮಾತು. ಅಮೆರಿಕದಲ್ಲಿ 579 ಮಕ್ಕಳ ಮೇಲೆ 14 ತಿಂಗಳು ನಡೆದ ದೊಡ್ಡ ಅಧ್ಯಯನದ ಫಲಿತಾಂಶ 1999ರಲ್ಲಿ ಬಂತು. ಗಮನ, ಚಡಪಡಿಕೆಯ ಮಟ್ಟಿಗೆ ಜೋಪಾನವಾಗಿ ಕೊಟ್ಟ ಮಾತ್ರೆಯೇ ಮುಂದಿತ್ತು. ಆದರೆ ಮೂರು ವರ್ಷ ಆದ ಮೇಲೆ ನೋಡಿದಾಗ ಬೇರೆ ಬೇರೆ ಚಿಕಿತ್ಸೆ ಪಡೆದ ಗುಂಪುಗಳ ನಡುವೆ ಅಂಥ ವ್ಯತ್ಯಾಸ ಉಳಿದಿರಲಿಲ್ಲ. ಮಾತ್ರೆ ಆ ದಿನದ ಕೆಲಸ ಮಾಡುತ್ತದೆ, ಅಭ್ಯಾಸ ಕಲಿಸುವುದಿಲ್ಲ. ನನ್ನ ಸ್ವಂತ ಅಭಿಪ್ರಾಯ ಇಷ್ಟು: 6 ವರ್ಷದೊಳಗಿನ ಮಗುವಿಗೆ ಮೊದಲು ತಂದೆತಾಯಿಗೆ ತರಬೇತಿ. ನಿಮ್ಮ ಮಗನ ವಯಸ್ಸಿನಲ್ಲಿ, ಮನೆ ಶಾಲೆ ಎರಡೂ ಕಡೆ ಬದಲಾವಣೆ ಮಾಡಿ ಎರಡು ಮೂರು ತಿಂಗಳು ನೋಡಿಯೂ ಹುಡುಗ ದಿನಾ ಬೈಸಿಕೊಂಡು ಬರುತ್ತಿದ್ದರೆ ಮಾತ್ರೆಗೆ ಹಿಂದೆಮುಂದೆ ನೋಡಬೇಡಿ. ‘ನಾನು ದಡ್ಡ, ನಾನು ಕೆಟ್ಟವನು’ ಅಂತ ಅವನು ನಂಬಿಬಿಟ್ಟರೆ ಅದನ್ನು ತೆಗೆಯುವ ಮಾತ್ರೆ ನಮ್ಮ ಹತ್ತಿರ ಇಲ್ಲ.

ಈಗ ನಿಮ್ಮ ಯಜಮಾನರ ವಿಷಯ. ದೊಡ್ಡವರಾದಂತೆ ಓಡಾಟ ಕಮ್ಮಿಯಾಗುತ್ತದೆ, ಚಡಪಡಿಕೆ ಒಳಗೆ ಹೋಗುತ್ತದೆ. ಆದರೆ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಒಂದಲ್ಲ ಒಂದು ಲಕ್ಷಣ ಉಳಿದುಕೊಳ್ಳುತ್ತದೆ. ದೊಡ್ಡವರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಇದೆ. ಮಂಡಿಯಲ್ಲಿ ಅವರು ಚುರುಕಾಗಿರುವುದು ನನಗೆ ಸೋಜಿಗವಲ್ಲ. ಗದ್ದಲ, ಏರಿಳಿಯುವ ರೇಟು, ಫೋನಿನ ಮೇಲೆ ಫೋನು, ಆಗಲೇ ತೀರ್ಮಾನ, ಆಗಲೇ ಫಲ. ಈ ಮಿದುಳಿಗೆ ಅದು ಹಬ್ಬದೂಟ. ಕರೆಂಟ್ ಬಿಲ್ಲು ಗುಣಾಕಾರದ ಎಂಟನೇ ಲೆಕ್ಕ.

ಇದು ಇದೆ ಅಂದ ತಕ್ಷಣ ಚಿಕಿತ್ಸೆ ಬೇಕು ಅಂತಿಲ್ಲ. ಅದರಿಂದ ನಷ್ಟ ಎಷ್ಟಾಗುತ್ತಿದೆ ನೋಡಬೇಕು: ದಂಡ ಕಟ್ಟಿದ್ದು, ಪಾಲಿಸಿ ಲ್ಯಾಪ್ಸ್ ಆಗಿದ್ದು, ದುಡುಕಿ ಕೊಟ್ಟ ಸಾಲ, ಬೈಕಿನಿಂದ ಬಿದ್ದದ್ದು, ಮನೆಯಲ್ಲಿ ದಿನಾ ಜಗಳ. ಇವೆಲ್ಲ ಜಾಸ್ತಿಯಿದ್ದರೆ ತೋರಿಸಲಿ. ದೊಡ್ಡವರಿಗೂ ಅದೇ ಔಷಧಿಗಳು ಕೆಲಸ ಮಾಡುತ್ತವೆ, ಬಿಪಿ ನೋಡಿಕೊಂಡು ಕೊಡುತ್ತಾರೆ. ನಿದ್ದೆಗೆಟ್ಟವರಿಗೆ, ಥೈರಾಯ್ಡ್ ಇದ್ದವರಿಗೆ, ಖಿನ್ನತೆ, ಆತಂಕ, ಕುಡಿತ ಇರುವವರಿಗೂ ಮರೆವು ಬರುತ್ತದೆ. ಅದಕ್ಕೇ ನಾವು ಚಿಕ್ಕಂದಿನ ಕಥೆ ಕೇಳುವುದು. ಮೂವತ್ತೆಂಟಕ್ಕೆ ಹೊಸದಾಗಿ ಶುರುವಾದ ಮರೆವು ಎಡಿಎಚ್‌ಡಿ ಅಲ್ಲ.

ಅಲ್ಲಿಯವರೆಗೆ ಅವರಿಗೂ ಸೀಟಿಗಳನ್ನು ಇಡಿ. ಬಾಗಿಲ ಪಕ್ಕ ಕೀಗೆ ಒಂದೇ ಮೊಳೆ, ಬೇರೆಲ್ಲೂ ಇಡುವಂತಿಲ್ಲ. ಬೆಸ್ಕಾಂ ಬಿಲ್ಲು, ಎಲ್‌ಐಸಿ ಕಂತು ಆಟೋಪೇಗೆ ಹಾಕಿ. ಜೇಬಿನಲ್ಲಿ ಹತ್ತು ಚೀಟಿ ಬೇಡ, ಒಂದೇ ಪುಟ್ಟ ಪುಸ್ತಕ. ಹೊರಡಬೇಕಾದರೆ ಎರಡು ಅಲಾರಂ: ಮೊದಲನೆಯದು ಕೈಯಲ್ಲಿರುವುದನ್ನು ಬಿಡಲು, ಎರಡನೆಯದು ಎದ್ದು ಹೊರಡಲು. ಜಿಎಸ್‌ಟಿ ಲೆಕ್ಕಕ್ಕೆ ಒಬ್ಬ ಗುಮಾಸ್ತರಿಗೆ ಸಂಬಳ ಕೊಡುವುದು ದಂಡ ಕಟ್ಟುವುದಕ್ಕಿಂತ ಅಗ್ಗ. ಮತ್ತೆ ನೀವು ಅವರ ಅಲಾರಂ ಆಗಬೇಡಿ. ಹೆಂಡತಿ ಅಲಾರಂ ಆದ ಮನೆಯಲ್ಲಿ ಗಂಡ ಅದನ್ನು ಆಫ್ ಮಾಡಲು ಕಲಿಯುತ್ತಾನೆ.

ಎಲ್ಲಿ ತೋರಿಸುವುದು? ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದು ಅಂತ ನಿಮ್ಮ ತಿಪಟೂರಿನಲ್ಲೇ ಮೊದಲು ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗ ಇದೆ, ನೀವು ರೈಲು ಹತ್ತಿದರೆ ಒಂದೇ ದಿನದಲ್ಲಿ ಹೋಗಿಬರಬಹುದು. ಉತ್ತರ ಕರ್ನಾಟಕದ ಓದುಗರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಮೊದಲು ಬರೀ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹೋಗುವಾಗ ಶಾಲೆ ಡೈರಿ ಒಯ್ಯಿರಿ, ಕೆಂಪು ಶಾಯಿ ಇರುವುದನ್ನೇ. ಈ ವರ್ಷದ್ದೂ ಹೋದ ವರ್ಷದ್ದೂ ಲೆಕ್ಕದ ನೋಟ್‌ಬುಕ್, ಮೇಷ್ಟ್ರು ಬರೆದುಕೊಟ್ಟ ಅರ್ಧ ಪುಟ. ಸಾಧ್ಯವಾದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ‘ಅವರಪ್ಪನೂ ಹೀಗೇ ಇದ್ದ’ ಅಂತ ಅವರು ಹೇಳುವುದು ನಿಮಗೆ ಕೊಂಕು ಅನ್ನಿಸಿರಬಹುದು. ನಮಗೆ ಅದು ದಾಖಲೆ. ಎಷ್ಟನೇ ವಯಸ್ಸಿನಲ್ಲಿ, ಏನೇನು ಮಾಡುತ್ತಿದ್ದ ಅಂತ ಅವರಷ್ಟು ಚೆನ್ನಾಗಿ ಹೇಳುವವರು ಇನ್ನೊಬ್ಬರಿಲ್ಲ, ಅಪ್ಪ ಮಗ ಇಬ್ಬರ ಕೇಸೂ ಒಂದೇ ಕೂತಿನಲ್ಲಿ ಅರ್ಧ ಮುಗಿಯುತ್ತದೆ. ಇದೆಲ್ಲ ಒಂದು ಚೀಲಕ್ಕೆ ಹಾಕಿ ಹಿಂದಿನ ರಾತ್ರಿಯೇ ಬೈಕಿನ ಕೀ ಇರುವ ಮೊಳೆಗೆ ತೂಗುಹಾಕಿ. ಯಾಕೆ ಅಂತ ನಾನು ಹೇಳಬೇಕಿಲ್ಲ.